ಅವರ ಮಂಡಿ, ನಮ್ಮ ಬೈಕು

ಹಾಸನದ ಆಸ್ಪತ್ರೆಯಲ್ಲಿ ನನ್ನ ಗಂಡನ ಬಲ ಮಂಡಿಯ ಆಪರೇಷನ್ ಆದ ಮೇಲೆ ಡಾಕ್ಟರು ಮಾಡಬಾರದ ಕೆಲಸಗಳನ್ನೆಲ್ಲ ಒಂದೊಂದಾಗಿ ಹೇಳಿದರು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಭಾರ ಎತ್ತಬಾರದು. ಇವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ "ಇನ್ನೇನಾದ್ರೂ ಕೇಳೋದಿದೆಯಾ?" ಎಂದಾಗ, "ಕಿಕ್ ಹೊಡೀಬಹುದಾ?" ಎಂದು ಕೇಳಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು "ಬೈಕು" ಎಂದೆ. "ಆರು ತಿಂಗಳು ಅದರ ಹತ್ತಿರ ಹೋಗಬೇಡಿ" ಎಂದರು. ಹೊಳೆನರಸೀಪುರದ ಮನೆ ಸೇರುವವರೆಗೂ ಕಾರಿನಲ್ಲಿ ಇವರು ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು.

ಆ ಬೈಕು ನಮ್ಮ ಮದುವೆಯಾದ ಮರುವರ್ಷ ಮನೆಗೆ ಬಂದದ್ದು. ಕಪ್ಪು ಬಣ್ಣ, ನೂರು ಸಿಸಿ, ಬಟನ್ ಒತ್ತಿದರೆ ಹೊರಡುವ ಕಾಲಕ್ಕಿಂತ ಹಿಂದಿನದು. ಇವರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಮಾವನವರು ದೇವಸ್ಥಾನದ ಅರ್ಚಕರಾಗಿದ್ದರು. ಅವರು ಹೋದ ಮೇಲೆ ಪೂಜೆ ನನ್ನ ಮೈದುನನಿಗೆ ಹೋಯಿತು. ಪೂಜೆಯ ಶಿಸ್ತು ಮಾತ್ರ ಇವರಿಗೆ ಬಂದು, ಅದೆಲ್ಲ ಬೈಕಿನ ಮೇಲೆ ಬಿತ್ತು. ಪ್ರತಿ ಭಾನುವಾರ ಅದಕ್ಕೆ ಸ್ನಾನ, ಒಣಬಟ್ಟೆಯ ಉಪಚಾರ, ಹಳೆಯ ಟೂತ್‌ಬ್ರಷ್ಷಿನಿಂದ ಚೈನು ಉಜ್ಜುವುದು. ಆಯಿಲ್ ಬದಲಾಯಿಸುವುದರಿಂದ ಹಿಡಿದು ಬ್ರೇಕ್ ಶೂ ಹಾಕುವವರೆಗೆ ಎಲ್ಲ ಇವರದೇ ಕೈ. ಇಷ್ಟು ವರ್ಷದಲ್ಲಿ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಹಿಂದಿನ ಸೀಟಿನಲ್ಲಿ ಕೂತಿದ್ದೆ ಅಷ್ಟೆ. ಹ್ಯಾಂಡಲ್ಲಿಗೆ ಕೈ ತಾಗಿಸುತ್ತಿದ್ದದ್ದು ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ ಕುಂಕುಮ ಇಡುವಾಗ.

ಮನೆಗೆ ಬಂದ ಮೂರನೆಯ ದಿನ ಇವರು ವಾಕರ್ ಹಿಡಿದುಕೊಂಡು ಜಗಲಿಗೆ ಬಂದು ಕುರ್ಚಿಯಲ್ಲಿ ಕೂತರು.

"ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸು. ಇಲ್ದಿದ್ರೆ ಕೆಡುತ್ತೆ" ಎಂದರು.

ನಾನು ಹಳೇಕೋಟೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಬೆಳಿಗ್ಗೆ ತಿಂಡಿ, ಅತ್ತೆಯವರ ಸ್ನಾನ, ಇವರ ಮಂಡಿಯ ವ್ಯಾಯಾಮ ಎಲ್ಲ ಮುಗಿಸಿ ಬಸ್ಸಿಗೆ ಓಡುವಷ್ಟರಲ್ಲಿ ಬೈಕಿನ ಆರೋಗ್ಯ ನೆನಪಾಗುತ್ತಿರಲಿಲ್ಲ. ಮೂರು ವಾರ ಇವರು ದಿನಾ ಕೇಳಿದರು. ನಾನು ದಿನಾ ನಾಳೆ ಎಂದೆ. ನಾಲ್ಕನೆಯ ಭಾನುವಾರ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಿಕ್ ಹೊಡೆಯತೊಡಗಿದೆ. ಇವರು ಕುರ್ಚಿಯಲ್ಲಿ ಕೂತು ಎಣಿಸಿದರು. ನಲವತ್ತೊಂದಕ್ಕೆ ನಿಲ್ಲಿಸು ಎಂದರು.

"ಕಾರ್ಬ್ಯುರೇಟರ್ ಕಟ್ಕೊಂಡಿದೆ."

ದೂರದ ನೆಂಟರು ತೀರಿಕೊಂಡ ಸುದ್ದಿಯನ್ನೂ ಇವರು ಅದೇ ದನಿಯಲ್ಲಿ ಹೇಳುತ್ತಾರೆ.

"ಮೆಕ್ಯಾನಿಕ್‌ನ ಕರೆಸ್ಲಾ?" ಎಂದೆ.

"ಯಾಕೆ, ನಿನಗೆ ಕೈ ಇಲ್ವಾ?"

ಆಗ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಮೊದಲನೆಯ ಸ್ಕ್ರೂ ಅಲುಗಾಡದೆ ಕೂತಾಗ. ಇವರು ಕೂತಲ್ಲಿಂದಲೇ ಹೇಳುತ್ತಿದ್ದರು. ಪೆಟ್ರೋಲ್ ಬಂದ್ ಮಾಡು. ಪೈಪು ಬಿಚ್ಚು. ಎಡಗಡೆ ನೋಡು.

"ನನ್ನ ಎಡಗಡೆಯೋ ನಿಮ್ಮ ಎಡಗಡೆಯೋ?"

"ಬೈಕಿನ ಎಡಗಡೆ."

ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ, ಅದರಲ್ಲಿದ್ದ ಪೆಟ್ರೋಲನ್ನು ನಾನು ಸುರಿದದ್ದು ಹಬ್ಬದಲ್ಲಿ ಪಾಯಸ ಹಾಕುವ ಸ್ಟೀಲ್ ಬಟ್ಟಲಿಗೆ. ಕೈಗೆ ಸಿಕ್ಕಿದ್ದು ಅದೇ. ತಳದಲ್ಲಿ ನಶ್ಯದ ಹಾಗೆ ಒಂದು ಚಿಟಿಕೆ ತುಕ್ಕಿನ ಕೆಂಪು ಪುಡಿ ಕೂತಿತ್ತು. ನಲವತ್ತೊಂದು ಸಲ ನನ್ನನ್ನು ಕುಣಿಸಿದ್ದು ಅದು. ಅಷ್ಟು ಹೊತ್ತಿಗೆ ಎದುರು ಮನೆಯ ಗೌಡರು ಬಂದು ನಿಂತರು. ಅವರಿಗೆ ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವಿದೆ, ಇವರ ಬೈಕಿಗಿಂತ ಹಳೆಯದೊಂದು ಬೈಕಿದೆ. ಅದರಲ್ಲಿ ಅರ್ಧ ಭಾಗ ಕಂಪನಿಯದು, ಉಳಿದದ್ದು ಗೌಡರದು.

ಸಾಸಿವೆ ಕಾಳಿನಷ್ಟೂ ಇಲ್ಲದ ತೂತಿನ ಒಂದು ಹಿತ್ತಾಳೆಯ ಸಣ್ಣ ತುಣುಕನ್ನು ನಾನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅದಕ್ಕೆ ಜೆಟ್ ಎನ್ನುತ್ತಾರೆ. ಪೆಟ್ರೋಲ್ ಅದರೊಳಗಿಂದಲೇ ಎಂಜಿನ್ನಿಗೆ ಹೋಗಬೇಕು.

"ಒಂದ್ ಬೈಂಡಿಂಗ್ ವೈರ್ ತೂರ್ಸಿ ಎಳ್ದ್ಬುಡಿ ಮೇಡಮ್ಮೋರೆ, ಓಯ್ತದೆ" ಎಂದರು ಗೌಡರು.

"ಬೇಡ. ತೂತು ದೊಡ್ಡದಾಗುತ್ತೆ. ಊದು" ಎಂದರು ಇವರು.

"ನಾನು ಇಪ್ಪತ್ತೊರ್ಸದಿಂದ ಅಂಗೇ ಮಾಡ್ತಿವ್ನಿ ಕಣ್ರೀ ಮೇಷ್ಟ್ರೇ."

"ಅದಕ್ಕೇ ನಿಮ್ಮ ಬೈಕು ಹೊಗೆ ಬಿಡೋದು."

ನಾನು ಜೆಟ್ಟನ್ನು ತುಟಿಗಿಟ್ಟು ಊದಿದೆ. ಆ ದಿನ ಸಂಜೆಯವರೆಗೆ ಕಾಫಿಗೂ ಪೆಟ್ರೋಲಿನ ರುಚಿಯೇ ಇತ್ತು. ಎಲ್ಲ ತಿರುಗಿ ಜೋಡಿಸಿ ಮೂರನೆಯ ಕಿಕ್ಕಿಗೆ ಬೈಕು ಹತ್ತಿಕೊಂಡಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ. ನಾನು ಪಾಠ ಮಾಡಿದ ತರಗತಿ ಎಸ್ಸೆಸ್ಸೆಲ್ಸಿಯಲ್ಲಿ ಪೂರ್ತಿ ಪಾಸಾದ ವರ್ಷವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಇವರ ಕಡೆ ತಿರುಗಿದೆ.

"ಐಡ್ಲಿಂಗ್ ಜಾಸ್ತಿ ಇದೆ, ನಿಂತಲ್ಲೇ ಜೋರಾಗಿ ತಿರುಗ್ತಿದೆ. ಸ್ವಲ್ಪ ಕಮ್ಮಿ ಮಾಡು" ಎಂದರು.

ಒಳಗೆ ಬರುವಾಗ ಅತ್ತೆಯವರು ಬಾಗಿಲಲ್ಲಿ ತಡೆದರು. ಎಂಬತ್ತು ದಾಟಿದ ಅವರೆದುರು ಮಡಿಯ ವಿಷಯದಲ್ಲಿ ಯಾರ ಮಾತೂ ನಡೆಯುವುದಿಲ್ಲ. ನನ್ನ ಕೈಯನ್ನೂ ಪಾಯಸದ ಬಟ್ಟಲನ್ನೂ ನೋಡಿ ತುಸು ಹೊತ್ತು ಯೋಚಿಸಿದರು. ಕೊನೆಗೆ ತೀರ್ಪು ಕೊಟ್ಟರು: "ಉರಿಯೋ ವಸ್ತು ಅಗ್ನಿಗೆ ಸೇರಿದ್ದು. ಅದರಲ್ಲಿ ಮೈಲಿಗೆ ಇಲ್ಲ. ಆ ಕರಿ ಎಣ್ಣೆ ಮಾತ್ರ ಒಳಗೆ ತರಬೇಡಮ್ಮ." ಅಂದಿನಿಂದ ಆಯಿಲ್ ಬದಲಾಯಿಸಿದ ದಿನ ನಾನು ಹಿತ್ತಿಲ ಬಾಗಿಲಿಂದ ಒಳಗೆ ಬರಬೇಕು. ಪೆಟ್ರೋಲ್ ಕೆಲಸವಾದರೆ ಮುಂಬಾಗಿಲು.

ಹೀಗೆ ಭಾನುವಾರಗಳು ನನ್ನ ಪಾಲಿಗೆ ಬಂದವು. ಸ್ಪಾರ್ಕ್ ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿದೆ ಎಂದು ಕಲಿತೆ. ಚೈನು ಎಷ್ಟು ಸಡಿಲವಿರಬೇಕು ಎಂದು ಬೆರಳಿಂದ ಎತ್ತಿ ನೋಡಲು ಕಲಿತೆ. ಇವರು ಕೆಟ್ಟ ಮೇಷ್ಟರಲ್ಲ. ಹೊಗಳುವುದಿಲ್ಲ, ಆದರೆ ಒಂದೇ ವಿಷಯವನ್ನು ಹತ್ತು ಸಲ ಕೇಳಿದರೂ ಹತ್ತು ಸಲವೂ ಮೊದಲ ಸಲದ ಹಾಗೇ ಹೇಳುತ್ತಾರೆ. ಮನೆಯಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದಕ್ಕಿಂತ ಹಿಂದೆ ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಬೈಕನ್ನು ಬಿಚ್ಚಿ ಜೋಡಿಸುವವಳು ಬಸ್ಸಿಗೆ ಕಾಯುವುದು ಯಾಕೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ಸ್ವಲ್ಪ ತಡವಾಗಿ. ಇವರನ್ನು ಕೇಳಿದೆ. ಬೇಡ ಎನ್ನಲಿಲ್ಲ. "ನಿನ್ನ ಕಾಲು ಎಟಕಲ್ಲ" ಎಂದರು. ನಿಜವೇ. ನನ್ನ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಗೌಡರು ಅದಕ್ಕೆ ದಾರಿ ಹೇಳಿದರು.

"ಸೀಟಿನ್ ಸ್ಪಂಜು ಎಲ್ಡಿಂಚು ಕುಯ್ಸ್ಬುಡಿ. ಆಸನದ್ ಪ್ಯಾಟೇಲಿ ಒಬ್ಬ ಅವ್ನೆ, ಅಚ್ಕಟ್ಟಾಗಿ ಮಾಡ್ಕೊಡ್ತಾನೆ."

ಇವರು ಒಪ್ಪಲಿಲ್ಲ. ಕಂಪನಿಯವರು ಲೆಕ್ಕ ಹಾಕಿ ಇಟ್ಟ ಎತ್ತರ ಅದು ಎಂದರು. ಒಂದು ವಾರ ಅದೇ ಮಾತಾಯಿತು. ಕೊನೆಗೆ ನಾನು, "ನಿಮ್ಮ ಮಂಡಿ ಕುಯ್ಸುವಾಗ ಇಷ್ಟು ಯೋಚನೆ ಮಾಡ್ಲಿಲ್ಲ ನೀವು" ಎಂದೆ. ಅತ್ತೆಯವರು ಒಳಗಿನಿಂದ "ಹೌದು" ಎಂದರು. ಮರುದಿನ ಗೌಡರು ಸೀಟನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹಾಸನಕ್ಕೆ ಹೋದರು. ಸಂಜೆ ಅದು ಬಂದಾಗ ಇವರು ಹೊಲಿಗೆಯನ್ನು ಕನ್ನಡಕ ಹಾಕಿಕೊಂಡು ನೋಡಿ, "ಪರವಾಗಿಲ್ಲ" ಎಂದರು. ಗೌಡರು ಹೋದ ದಾರಿಯಲ್ಲೇ ಒಂದು ಹೊಸ ಹಾರನ್ನನ್ನೂ ತಂದಿದ್ದರು. ಬೆಂಗಳೂರು ಬಸ್ಸಿನ ಹಾರನ್ನಿಗೆ ತಮ್ಮನಂತಿತ್ತು. ಹಾಕಿ ಒಂದೇ ಸಲ ಒತ್ತಿದೆವು. ಬೀದಿಯಲ್ಲಿ ಮಲಗಿದ್ದ ಹಸು ಎದ್ದು ಹೊರಟುಹೋಯಿತು. ಅರ್ಧ ಗಂಟೆಯಲ್ಲಿ ಅದನ್ನು ಬಿಚ್ಚಿ ಹಳೆಯದನ್ನೇ ಹಾಕಿದೆ. ಗೌಡರು ಅದರ ಜೊತೆಗೇ ತಂದು ಹೆಡ್‌ಲೈಟಿಗೆ ಹಾಕಿದ ಬಿಳಿ ಬಲ್ಬು ಮಾತ್ರ ಉಳಿಯಿತು. ಅದು ಇವರಿಗೂ ಇಷ್ಟವಾಗಿತ್ತು, ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಕಾಲೇಜಿನ ಮೈದಾನದಲ್ಲಿ ಎರಡು ವಾರ ಓಡಿಸಲು ಕಲಿತೆ. ಇವರು ಊರುಗೋಲು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಐದನೆಯ ದಿನ ತಿರುವಿನಲ್ಲಿ ಬಿದ್ದೆ. ಇವರು ಊರುಗೋಲು ಬಿಟ್ಟು ನಾಲ್ಕು ಹೆಜ್ಜೆ ಓಡಿ ಬಂದರು, ಹಾಗೆ ಓಡಬಾರದಿತ್ತು. ಹತ್ತಿರ ಬಂದು, "ಲೆಗ್‌ಗಾರ್ಡ್ ಬಗ್ಗಿತಾ?" ಎಂದರು. ನಾನು ಮೊಣಕೈಯ ಮಣ್ಣು ಒರೆಸಿಕೊಂಡೆ. ಆಮೇಲೆ, "ನಿನಗೇನೂ ಆಗಿಲ್ಲ ತಾನೇ" ಎಂದರು. ಆ ದಿನ ರಾತ್ರಿ ನನ್ನ ಮೊಣಕೈಗೂ ಅವರ ಮಂಡಿಗೂ ಒಂದೇ ಟ್ಯೂಬಿನಿಂದ ಮುಲಾಮು ಹಚ್ಚಿದೆ.

ಲೈಸೆನ್ಸು ಬಂದ ಮೇಲೆ ಹಳೇಕೋಟೆಗೆ ಬೈಕಿನಲ್ಲೇ ಹೋಗತೊಡಗಿದೆ. ಚೂಡಿದಾರ ಹಾಕಿ ಬೈಕಿನಿಂದ ಇಳಿದ ಮೊದಲ ದಿನ ಮಕ್ಕಳು ಸಾಲಾಗಿ ನಿಂತು ನೋಡಿದರು. ಹೆಡ್‌ಮಾಸ್ಟರು ಕಿಟಕಿಯಿಂದ ನೋಡಿದರು. ಒಂದು ವಾರದ ನಂತರ, ತಮ್ಮ ಬೈಕು ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗುವುದಿಲ್ಲ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದರು. ನೋಡಿದೆ. ಪ್ಲಗ್ ಕರಿ ಹಿಡಿದಿತ್ತು.

ನಾಲ್ಕನೆಯ ತಿಂಗಳಲ್ಲಿ ಅರಕಲಗೂಡಿನಲ್ಲಿ ಇವರ ಸೋದರಮಾವನ ಮೊಮ್ಮಗನ ಉಪನಯನ ಬಂತು. ಬಸ್ಸಿನ ಮೆಟ್ಟಿಲು ಇವರ ಮಂಡಿಗೆ ಎತ್ತರ. ಕಾರು ಮಾಡೋಣವೆಂದೆ.

"ಬೈಕಿದೆಯಲ್ಲ" ಎಂದರು.

ನಮ್ಮ ಬೀದಿ ದಾಟುವವರೆಗೆ ಇವರು ಹಿಂದೆ ಕೂತು ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಒದ್ದಾಡಿದರು. ಕೊನೆಗೆ ನನ್ನ ಭುಜದ ಮೇಲೆ ಒಂದು ಕೈ ಇಟ್ಟರು, ಕ್ಲಾಸಿನಲ್ಲಿ ತಪ್ಪು ಮಾಡಿದ ಹುಡುಗನ ಹೆಗಲ ಮೇಲೆ ಇಡುವ ಹಾಗೆ. "ಮೂರಕ್ಕೆ ಹಾಕು", "ಈಗ ನಾಲ್ಕು", "ಹಳ್ಳ ಇದೆ" ಎನ್ನುತ್ತ ಬಂದರು. ಅರ್ಧ ದಾರಿ ಕಳೆದ ಮೇಲೆ ಸುಮ್ಮನಾದರು. ನಿದ್ದೆ ಬಂತೇನೋ ಎಂದು ಹೆದರಿ ಕನ್ನಡಿಯಲ್ಲಿ ನೋಡಿದೆ. ಗದ್ದೆಯ ಕಡೆ ತಿರುಗಿ ಕೂತಿದ್ದರು.

ಅರಕಲಗೂಡು ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ಕ್ಲಚ್ ಹಿಡಿದರೆ ಕೈಗೆ ಏನೂ ಸಿಗಲಿಲ್ಲ. ಕೇಬಲ್ ತುಂಡಾಗಿತ್ತು. ಬೈಕು ಎಗರಿ ಆಫಾಯಿತು. ಬದಿಗೆ ತಳ್ಳಿ, ಇವರನ್ನು ಮೈಲಿಗಲ್ಲಿನ ಮೇಲೆ ಕೂರಿಸಿ, ಸೈಡ್ ಬಾಕ್ಸಿನಲ್ಲಿದ್ದ ಇನ್ನೊಂದು ಕೇಬಲ್ ತೆಗೆದೆ. ರೇಷ್ಮೆ ಸೀರೆ ಚೀಲದಲ್ಲಿತ್ತು, ಉಪನಯನದ ಮನೆಯಲ್ಲಿ ಉಡುವುದಕ್ಕೆ. ಅದೊಂದು ಪುಣ್ಯ. ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಕೂತಾಗ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಇಳಿದು ಬಂದ. ನನ್ನ ತಲೆಯ ಮೇಲಿಂದ ಇವರ ಜೊತೆ ಮಾತಾಡಿದ.

"ಏನಾಯ್ತು ಸಾ? ಕ್ಲಚ್ ವೈರಾ? ಕೆಳಗ್ಲಿಂದ ಬಿಚ್ಬೇಕು ಸಾ ಅದ್ನ. ನೀವೇ ಒಸಿ ನೋಡಿ."

"ನನಗೆ ಬಗ್ಗೋಕಾಗಲ್ಲಪ್ಪ" ಎಂದರು ಇವರು. "ಏನಿದ್ರೂ ಅವರ ಹತ್ರ ಹೇಳು. ನಮ್ಮನೇಲಿ ಮೆಕ್ಯಾನಿಕ್ ಅವರೇ."

ಅವನು ನನ್ನ ಕಡೆ ನೋಡಿದ. ಆಮೇಲೆ ಕೆಳಗೆ ಕೂತು, ನಾನು ಕೇಳಿದಾಗ ಸ್ಪ್ಯಾನರ್ ಕೊಡುತ್ತ, ಕೇಳದಿದ್ದಾಗ ಸುಮ್ಮನಿದ್ದು, ಕೆಲಸ ಮುಗಿಯುವವರೆಗೂ ಇದ್ದು ಹೋದ. ನಾನು ತಲೆ ಎತ್ತಲಿಲ್ಲ. ಮೆಕ್ಯಾನಿಕ್ ಎಂಬ ಮಾತು ಕಿವಿಯಲ್ಲೇ ಇತ್ತು. ಕೇಬಲ್ಲಿನ ತುದಿ ಕ್ಲಚ್ ಹಿಡಿಗೆ ಸಿಕ್ಕಿಸುವಾಗ ಎರಡು ಸಲ ಕೈ ತಪ್ಪಿತು.

ಉಪನಯನದ ಮನೆಯಲ್ಲಿ ಸೀಗೆಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಕರಿ ಹೋಗಲಿಲ್ಲ. ಊಟದ ಪಂಕ್ತಿಯಲ್ಲಿ ಮಂಡಿಗಾಗಿ ಇವರಿಗೊಬ್ಬರಿಗೆ ಟೇಬಲ್ ಹಾಕಿದ್ದರು. ಅಲ್ಲಿಂದ ಇಡೀ ಸಾಲಿಗೆ ಕೇಳುವ ಹಾಗೆ ಕೇಬಲ್ಲಿನ ಕಥೆ ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಹಾಕಿದಳು ಎಂದರು. ವಾಸ್ತವದಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಇವರು ಅಳತೆಯಲ್ಲಿ ತಪ್ಪು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆರು ತಿಂಗಳು ತುಂಬಿತು. ಡಾಕ್ಟರು ಮಂಡಿ ಮಡಚಿ ನೋಡಿ, ಇನ್ನು ಗಾಡಿ ಓಡಿಸಬಹುದು ಎಂದರು. ಮರುದಿನ ಬೆಳಿಗ್ಗೆ ಇವರು ಬೈಕು ತೆಗೆದುಕೊಂಡು ಒಬ್ಬರೇ ಹೊಳೆಯ ಸೇತುವೆಯವರೆಗೆ ಹೋಗಿ ಬಂದರು. ನಾನು ಜಗಲಿಯಲ್ಲಿ ನಿಂತಿದ್ದೆ. ಮನಸ್ಸು ಸರಿಯಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬಂದವರೇ ಕೀಲಿಯನ್ನು ಮೊಳೆಗೆ ನೇತುಹಾಕಿ, ಕೈ ತೊಳೆದುಕೊಂಡು ತಿಂಡಿಗೆ ಕೂತರು.

"ನೋವಿದೆಯಾ?" ಎಂದೆ.

"ಇಲ್ಲ."

"ಮತ್ತೆ?"

"ಇಪ್ಪತ್ತಾರು ವರ್ಷ ರಸ್ತೆ ನೋಡಿದ್ದೀನಿ. ಹಿಂದೆ ಕೂತ್ರೆ ಅಕ್ಕಪಕ್ಕ ಕಾಣುತ್ತೆ" ಎಂದರು. ಇನ್ನೊಂದು ದೋಸೆ ಹಾಕಿಸಿಕೊಂಡರು.

ಕಳೆದ ತಿಂಗಳು ಗೌಡರು ತಮ್ಮ ತೋಟದ ಪಕ್ಕದವರ ಕಾಯಿ ಶೆಡ್ಡಿನಲ್ಲಿ ಒಂದು ಹಳೆಯ ಬೈಕು ಸಿಪ್ಪೆಯ ರಾಶಿಯ ಕೆಳಗೆ ಬಿದ್ದಿದೆಯೆಂದು ಸುದ್ದಿ ತಂದರು. ಮೂವರೂ ಚನ್ನರಾಯಪಟ್ಟಣಕ್ಕೆ ಹೋಗಿ ನೋಡಿದೆವು. ಟ್ಯಾಂಕಿನಲ್ಲಿ ಇಲಿ ಗೂಡು ಕಟ್ಟಿತ್ತು. ಇವರು ಬೆರಳಿನಿಂದ ಎಂಜಿನ್ನನ್ನು ಎರಡು ಸಲ ತಟ್ಟಿ ನನ್ನ ಕಡೆ ನೋಡಿದರು. ನಾನು ಕಿಕ್ಕನ್ನು ಕೈಯಿಂದ ಒತ್ತಿ ನೋಡಿದೆ. ಅದು ಕೆಳಗಿಳಿಯಿತು, ಅಂದರೆ ಒಳಗೆ ಜಾಮ್ ಆಗಿಲ್ಲ. "ತಗೊಳ್ಳೋಣ" ಎಂದೆ.

ಈಗ ಅದು ನಮ್ಮ ಜಗಲಿಯಲ್ಲಿ ನಾಲ್ಕು ಪ್ಲಾಸ್ಟಿಕ್ ಬುಟ್ಟಿಗಳಲ್ಲಿದೆ. ಒಂದೊಂದು ಬುಟ್ಟಿಗೂ ಇವರು ಚೀಟಿ ಅಂಟಿಸಿದ್ದಾರೆ. ಗೌಡರು ದಿನಕ್ಕೆರಡು ಸಲ ಬಂದು ಸಲಹೆ ಕೊಡುತ್ತಾರೆ, ಇವರು ದಿನಕ್ಕೆರಡು ಸಲ ಬೇಡವೆನ್ನುತ್ತಾರೆ. ನಿನ್ನೆ ಅತ್ತೆಯವರು ಗೋಡೆ ಹಿಡಿದುಕೊಂಡು ಹೊರಗೆ ಬಂದು ಬುಟ್ಟಿಗಳನ್ನು ನೋಡಿ, "ಇದು ಯಾವಾಗ ಎದ್ದು ನಿಲ್ಲುತ್ತೆ?" ಎಂದು ಕೇಳಿದರು. ಇವರು ನನ್ನನ್ನು ನೋಡಿದರು. ದೀಪಾವಳಿಯ ಹೊತ್ತಿಗೆ ಎಂದೆ. ಯಾವ ವರ್ಷದ್ದು ಎಂದು ಅವರು ಕೇಳಲಿಲ್ಲ.