ಹಿರೇ ಕಾಗದಕ್ಕೆ ಹಾಕಿದ ಶ್ರಾವಣದ ತಾರೀಖು

ರಾಮದುರ್ಗದ ರಕ್ತ ಬೈಲಹೊಂಗಲಕ್ಕೆ ಬರುತ್ತಿದ್ದುದು ಬೆಳಗಿನ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ನೀಲಿ ಬಣ್ಣದ ಐಸ್ ಡಬ್ಬಿಯಲ್ಲಿ. ಬಸ್‌ಸ್ಟ್ಯಾಂಡಿಗೆ ಹೋಗಿ ಅದನ್ನು ಇಳಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಸೀಸೆಗಳ ಮೇಲಿನ ಪಟ್ಟಿಗೂ ಚೀಟಿಯ ಹೆಸರಿಗೂ ತಾಳೆ ನೋಡಿ ಲ್ಯಾಬಿಗೆ ಕೊಡುತ್ತಿದ್ದೆ. ಮಧ್ಯಾಹ್ನ ರಿಪೋರ್ಟುಗಳನ್ನು ಟೈಪು ಮಾಡಿ, ಖಾಕಿ ಲಕೋಟೆಗೆ ಹಾಕಿ, ಮರುದಿನದ ಬಸ್ಸಿಗೆ ಕಳಿಸುತ್ತಿದ್ದೆ. ಐಸ್ ಕರಗಿ ಚೀಟಿ ತೊಯ್ದ ದಿನ ಹೆಸರುಗಳನ್ನು ಬಿಸಿಲಿಗೆ ಹಿಡಿದು ಓದಿದ್ದೂ ಉಂಟು.

ನಮ್ಮದು ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆ. ಲ್ಯಾಬು ಇದ್ದುದು ಬೈಲಹೊಂಗಲದಲ್ಲಿ ಮಾತ್ರ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಕೋಣೆಯ ಕೇಂದ್ರ. ಮಧ್ಯಾಹ್ನದ ಮೇಲೆ ಒಬ್ಬ ಡಾಕ್ಟರು ಬಂದು ಕೂರುತ್ತಿದ್ದರು. ತೊಂಬತ್ತರ ದಶಕದಲ್ಲಿ ಟೈಪಿಂಗ್ ಕ್ಲಾಸು ಮುಗಿಸಿದವಳೆಂದು ನನ್ನನ್ನು ದಾಖಲೆಯ ಕೋಣೆಗೆ ತೆಗೆದುಕೊಂಡಿದ್ದರು. ಮುಂದೆ ಟೈಪರೈಟರ್ ಅಟ್ಟಕ್ಕೆ ಹೋಗಿ ಕಂಪ್ಯೂಟರು ಮೇಜಿಗೆ ಬಂದಾಗ, ಬೆರಳು ಪಳಗಿದವಳು ನಾನೊಬ್ಬಳೇ ಆದ್ದರಿಂದ ಅದೂ ನನ್ನ ಕೊರಳಿಗೇ ಬಿತ್ತು.

ರಾಮದುರ್ಗದ ಕೇಂದ್ರ ನಡೆಸುತ್ತಿದ್ದ ಸಿಸ್ಟರ್ ನನಗಿಂತ ಹಿರಿಯರು, ಮಾತಿನಲ್ಲಿ ಖಾರ. ಸುರೇಬಾನದಿಂದಲೋ ಸಾಲಹಳ್ಳಿಯಿಂದಲೋ ರಕ್ತ ಕೊಡಲು ಬಂದವರು ರಿಪೋರ್ಟಿಗಾಗಿ ಮರುದಿನ ಮತ್ತೆ ಬರಬೇಕಿತ್ತು. ಕಳೆ ತೆಗೆಯುವ ದಿನಗಳಲ್ಲಿ ಎರಡೆರಡು ದಿನ ಯಾರು ಕೆಲಸ ಬಿಡುತ್ತಾರೆ? ಬಹಳ ಜನ ಬರುತ್ತಲೇ ಇರಲಿಲ್ಲ. ಅವರ ರಿಪೋರ್ಟುಗಳನ್ನೆಲ್ಲ ಸಿಸ್ಟರ್ ಒಂದು ಬಿಸ್ಕೀಟು ಡಬ್ಬಿಯಲ್ಲಿ ಇಟ್ಟಿದ್ದರು.

"ಬಾಯೀ, ನನ್ನ ಡಬ್ಬಿ ತುಂಬಾಕ ಬಂತ ನೋಡು," ಎಂದು ಫೋನಿನಲ್ಲಿ ಹೇಳುವರು. "ಇದರಾಗ ಸಕ್ಕರಿ ರೋಗದವರು ಎಷ್ಟ ಮಂದಿ ಅದಾರೋ! ನನಗ ಗೊತ್ತೈತಿ, ಡಬ್ಬಿಗೆ ಗೊತ್ತೈತಿ, ಅವರಿಗಷ್ಟ ಗೊತ್ತಿಲ್ಲ."

ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ, ರಿಪೋರ್ಟನ್ನು ಆ ದಿನವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳಿಸೋಣ ಎಂದು ನಾನೇ ಟ್ರಸ್ಟಿನ ಅಧ್ಯಕ್ಷರ ಮುಂದೆ ಬಾಯಿ ಬಿಟ್ಟೆ. ಅವರು ಹತ್ತಿ ವ್ಯಾಪಾರದ ಮನೆತನದ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹಿಂದಿನ ವರ್ಷವಷ್ಟೇ ಯಾರೋ ನಮ್ಮ ಆಸ್ಪತ್ರೆಯ ಶಿಕ್ಕಾದಂಥದೇ ಮುದ್ರೆಯನ್ನು ಹೊರಗೆ ಮಾಡಿಸಿ, ಸುಳ್ಳು ರಿಪೋರ್ಟಿಗೆ ಒತ್ತಿ ರಜೆ ಪಡೆದಿದ್ದರು. ಕಾಕಾ ಅದನ್ನು ಮರೆತಿರಲಿಲ್ಲ.

"ಕಟಗೀ ಶಿಕ್ಕಾನ ಮಂದಿ ಬಿಡಲಿಲ್ಲ ತಂಗಿ. ತಂತೀ ಮ್ಯಾಲ ಬಂದ ಕಾಗದ ನಮ್ಮದ ಅಂತ ರಾಮದುರ್ಗದಾಗ ಕುಂತಾಕಿಗೆ ಹೆಂಗ ತಿಳೀಬೇಕು? ಅದಕ್ಕೊಂದು ಪಕ್ಕಾ ದಾರಿ ಮಾಡು. ಆಷಾಢ ಮುಗಿಯೂದರಾಗ ಸಭಾ ಕರೀತೇನಿ. ಆಗಲಿಲ್ಲಂದ್ರ ರಾಮದುರ್ಗದ ಕೇಂದ್ರ ಮುಚ್ಚೂದ. ಮಂದಿ ತಗೊಂಡು ಹೋಗದ ರಿಪೋರ್ಟ ಮಾಡಿ ಏನ ಉಪಯೋಗ?"

"ಮಾಡತೇನ್ರಿ ಕಾಕಾರ," ಎಂದೆ. ಹೇಗೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಭಾಯಿ. ಇಂಟರ್ನೆಟ್ಟಿನಿಂದ ಇಳಿಸಿದ ಹಾಳೆಗಳನ್ನು ದಾರದಿಂದ ಹೊಲಿದು ಕೊಟ್ಟರು, ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟರು. ಓದುತ್ತ ಓದುತ್ತ ನನಗೆ ತಿಳಿದದ್ದು ಇಷ್ಟು. ನಮ್ಮದೇ ಆದ ಒಂದು ಮೂಲ ಪ್ರಮಾಣಪತ್ರ ಮಾಡಿಕೊಳ್ಳಬೇಕು, ಅದಕ್ಕೊಂದು ಗುಟ್ಟಿನ ಕೀಲಿಕೈ ಇರುತ್ತದೆ. ಒಂದೊಂದು ಕೇಂದ್ರದ ಕಂಪ್ಯೂಟರೂ ತನ್ನ ಅರ್ಜಿ ಬರೆದುಕೊಡುತ್ತದೆ; ಆ ಅರ್ಜಿಗೆ ಮೂಲದ ಕೀಲಿಕೈಯಿಂದ ಸಹಿ ಬೀಳುತ್ತದೆ. ಆಮೇಲೆ ಎರಡು ಕಂಪ್ಯೂಟರು ಮಾತಿಗೆ ನಿಂತಾಗ ಒಂದು ಇನ್ನೊಂದರ ಕಾಗದ ನೋಡಿ, ಅದರ ಮೇಲೆ ಮೂಲದ ಸಹಿ ಇದ್ದರೆ ಮಾತ್ರ ಬಾಗಿಲು ತೆಗೆಯುತ್ತದೆ.

"ನಮ್ಮೂರಾಗ ಹೊಸಬರು ಬಂದ್ರ ಏನ ಕೇಳತಾರ್ರಿ ಅಕ್ಕಾರ?" ಎಂದು ಭಾಯಿ ನಕ್ಕಿದ್ದರು. "ಯಾರ ಪೈಕಿ ನೀವು? ಇಷ್ಟ ಕೇಳೂದು. ಗುರ್ತಿನ ಹಿರೇರ ಹೆಸರು ಹೇಳಿದ್ರ ಚಾ ಬರತೈತಿ. ಇಲ್ಲಂದ್ರ ಕಟ್ಟೀ ಮ್ಯಾಲ ಕುಂಡರೂದು."

ಹೀಗೆ ಮೂಲ ಪ್ರಮಾಣಪತ್ರಕ್ಕೆ ನಮ್ಮಲ್ಲಿ 'ಹಿರೇ ಕಾಗದ' ಎಂಬ ಹೆಸರು ಬಿತ್ತು.

ಹಳೆಯ ಕಂಪ್ಯೂಟರನ್ನು ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಇಟ್ಟೆ. ಅದಕ್ಕೆ ಫೋನಿನ ತಂತಿ ಮುಟ್ಟಿಸುವಂತಿಲ್ಲ. ಹಾಳೆಗಳಲ್ಲಿ ಇದನ್ನು ಮೂರು ಕಡೆ ಬರೆದಿತ್ತು. ದಿನಾ ಊಟದ ಬಿಡುವಿನಲ್ಲಿ ಕುಳಿತು ರೂಢಿ ಮಾಡಿಕೊಂಡೆ. ಒಂದು ಚುಕ್ಕೆ ತಪ್ಪಿದರೂ ಯಂತ್ರ ಕೆಲಸ ಅಲ್ಲಿಗೇ ಬಿಡುತ್ತಿತ್ತು. ಮಾಡಿ ಅಳಿಸಿದ ಹಿರೇ ಕಾಗದಗಳ ಲೆಕ್ಕ ಇಟ್ಟಿಲ್ಲ. ಮೊದಮೊದಲ ರೊಟ್ಟಿ ಯಾರ ಕೈಯಲ್ಲಿ ದುಂಡಗೆ ಬಂದಿದೆ?

ನಿಜವಾದದ್ದನ್ನು ಮಾಡುವ ದಿನ ಕಾಕಾ ಬಂದರು. ಪಾಸ್‌ವರ್ಡಿನ ಮೊದಲರ್ಧ ನನ್ನದು, ಉಳಿದರ್ಧ ಅವರದು. ಒಬ್ಬರೇ ಆ ಕೀಲಿಕೈ ಮುಟ್ಟಬಾರದೆಂದು ಈ ಏರ್ಪಾಡು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ನಡುವೆ ನಿಲ್ಲಿಸಿ ಕೇಳಿದರು.

"ಇದು ಯಾವತ್ತಿನಿಂದ ನಡೀತೈತಿ?"

"ಇವತ್ತಿನಿಂದ ಹತ್ತ ವರ್ಷರಿ."

"ಇವತ್ತಿನಿಂದ? ಆಷಾಢದಾಗ? ಹತ್ತ ವರ್ಷ ಬಾಳೂ ವಸ್ತು ತಂಗಿ, ಆಷಾಢದಾಗ ಯಾರರ ಸುರು ಮಾಡತಾರ?"

ಸಭೆ ಇದ್ದುದು ಅದೇ ವಾರ, ಆಷಾಢದ ಕೊನೆಯ ಶುಕ್ರವಾರ. ಶ್ರಾವಣ ಹಿಡಿದರೆ ಸದಸ್ಯರು ಯಾರೂ ಕೈಗೆ ಸಿಗುವುದಿಲ್ಲ. ಮುಂದಕ್ಕೆ ಹಾಕುವಂತಿರಲಿಲ್ಲ. ಆಗ ಜಾಣತನ ತೋರಿಸಿದವಳು ನಾನೇ. ಲಗ್ನಪತ್ರಿಕೆಗಳು ಆಷಾಢದಲ್ಲಿಯೇ ಅಚ್ಚಾಗುವುದಿಲ್ಲವೇ? ಮುಹೂರ್ತ ಮಾತ್ರ ಮುಂದಿನದು ಇರುತ್ತದೆ.

"ಕೆಲಸಾ ಇವತ್ತ ಮಾಡೂಣ್ರಿ, ತಾರೀಖು ಶ್ರಾವಣದ ಮೊದಲನೇ ಸೋಮವಾರದ್ದು ಹಾಕೂಣು," ಎಂದೆ. ಯಂತ್ರದ ಗಡಿಯಾರವನ್ನು ಆ ಸೋಮವಾರಕ್ಕೆ ತಿರುಗಿಸಿದೆ. ಕಾಕಾ ಸಮಾಧಾನದಿಂದ ಉಳಿದ ಅಕ್ಷರಗಳನ್ನು ಒತ್ತಿದರು. ಹಿರೇ ಕಾಗದ ಹುಟ್ಟಿತು. ಕೇಂದ್ರಗಳ ಅರ್ಜಿಗಳನ್ನು ಫ್ಲಾಪಿಯಲ್ಲಿ ಮೊದಲೇ ತಂದಿದ್ದೆ. ಅವುಗಳಿಗೂ ಅದೇ ಗಡಿಯಾರದ ಕೆಳಗೆ ಸಹಿ ಬಿತ್ತು.

ಕಾಗದಗಳನ್ನು ಸಿಡಿಗೆ ಇಳಿಸಿ ಬಸ್ಸು ಹತ್ತಿದೆ. ಒಂದು ದಿನ ಕಿತ್ತೂರು, ಮರುದಿನ ಸವದತ್ತಿ. ಪ್ರತಿ ಊರಿನಲ್ಲೂ ಹಿರೇ ಕಾಗದವನ್ನು ಕಂಪ್ಯೂಟರಿಗೆ ಕೂಡಿಸುವ ಮೊದಲು ಅದರ ಬೆರಳಚ್ಚನ್ನು ತಾಳೆ ನೋಡಬೇಕು. ಬೆರಳಚ್ಚೆಂದರೆ ಅಂಕಿ, ಅಕ್ಷರಗಳ ಉದ್ದನೆಯ ಸಾಲು. ಬೈಲಹೊಂಗಲದಿಂದ ಕಾಕಾ ಅದನ್ನು ಫೋನಿನಲ್ಲಿ ಓದುವರು, ಇಲ್ಲಿ ಕೇಂದ್ರದವರು ಪರದೆ ನೋಡಿ ಗುರುತು ಹಾಕುವರು. ಎರಡೂ ಊರಿನಲ್ಲಿ ಕಾಗದಗಳನ್ನು ಕೂಡಿಸಿದೆನೇ ಹೊರತು ರಿಪೋರ್ಟು ಕಳಿಸಿ ನೋಡಲಿಲ್ಲ. ಆ ಪರೀಕ್ಷೆಯನ್ನು ರಾಮದುರ್ಗದಲ್ಲಿಯೇ ಮಾಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಗುರುವಾರ ರಾಮದುರ್ಗ. ಸಿಸ್ಟರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಕಾಗದಗಳನ್ನು ಕೂಡಿಸಿ ಬೈಲಹೊಂಗಲದ ಕಂಪ್ಯೂಟರನ್ನು ಕರೆದೆ. ಪರದೆಯ ಮೇಲೆ ಹಳದಿ ತ್ರಿಕೋನ ಬಂತು: ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ. ಮತ್ತೆ ಕರೆದೆ. ಮತ್ತೆ ಅದೇ.

"ಏನಂತೈತಿ ಅದು?" ಎಂದರು ಸಿಸ್ಟರ್.

ಕಾಗದದ ವಿವರ ತೆರೆದು, ಅದರಲ್ಲಿದ್ದ ಸೋಮವಾರದ ತಾರೀಖನ್ನು ಬೆರಳಿಟ್ಟು ತೋರಿಸಿದೆ. ಲಗ್ನಪತ್ರಿಕೆ ನೋಡಿ ಮನುಷ್ಯರು ಖುಷಿಪಡುತ್ತಾರೆ. ಯಂತ್ರಕ್ಕೆ ಅಕ್ಷತೆ ಬೀಳುವ ತನಕ ಸೊಸೆ ಸೊಸೆಯಲ್ಲ. ಸೋಮವಾರದವರೆಗೆ ನಮ್ಮ ಹಿರೇ ಕಾಗದವನ್ನು ನಂಬಲು ಯಾವ ಕಂಪ್ಯೂಟರೂ ತಯಾರಿರಲಿಲ್ಲ. ಸಭೆ ಮರುದಿನವೇ.

ಭಾಯಿಗೆ ಫೋನು ಮಾಡಿದೆ. "ಅದೇನ ದೊಡ್ಡ ಮಾತ್ರಿ ಅಕ್ಕಾರ," ಎಂದರು. "ಎಲ್ಲಾ ಕಂಪ್ಯೂಟರಿನ ಗಡಿಯಾರಾ ಸೋಮವಾರಕ್ಕ ತಿರವಿಬಿಡ್ರಿ. ಖೇಲ್ ಖತಂ."

ಸಿಸ್ಟರಿಗೆ ಹೇಳಿದೆ. ಅವರು ಹುಬ್ಬು ಏರಿಸಿದರು. "ಹಂಗಂದ್ರ ರಿಪೋರ್ಟಿನ ಮ್ಯಾಲ ಯಾವ ತಾರೀಖು ಬೀಳತೈತಿ?"

"ಸೋಮವಾರದ್ದ."

"ರಗತಾ ಇವತ್ತ ತಗದು, ಸೋಮವಾರ ತಗದೇನಿ ಅಂತ ಬರೀಲೇನು? ನಡುವ ಒಬ್ಬರು ತೀರಿಕೊಂಡ್ರ, ಸತ್ತವರ ತೋಳಿಗೆ ಸೂಜಿ ಚುಚ್ಚಿದಾಕಿ ಆಗತೇನಿ ನಾನು!"

ನಗು ಬಂತು, ನಗಲಾಗಲಿಲ್ಲ. ಸುಳ್ಳು ಕಾಗದ ಬೇಡವೆಂದೇ ಇಷ್ಟೆಲ್ಲ ಮಾಡಹೊರಟು, ಮೊದಲ ರಿಪೋರ್ಟನ್ನೇ ಸುಳ್ಳು ತಾರೀಖಿನಲ್ಲಿ ಕೊಡುವುದೇ? ಇದಕ್ಕೆ ಒಂದೇ ದಾರಿ. ಹಿರೇ ಕಾಗದವನ್ನು ಮೊದಲಿನಿಂದ ಮಾಡಬೇಕು, ಇವತ್ತೇ, ಇವತ್ತಿನದೇ ತಾರೀಖಿನಲ್ಲಿ.

"ಕಾಕಾ ಒಪ್ಪತಾರೋ ಇಲ್ಲೋ," ಎಂದೆ.

"ಅವರಿಗೆ ಹೇಳು," ಎಂದರು ಸಿಸ್ಟರ್. "ನಾ ಹುಟ್ಟಿದ್ದೂ ಆಷಾಢದಾಗ. ನನ್ನವ್ವ ನನ್ನ ಶ್ರಾವಣಾ ಬರೂತನಾ ಹೊಟ್ಯಾಗ ತಡದ ಇಟಗೊಂಡಿರಲಿಲ್ಲ ಅಂತ ಹೇಳು."

ಕೇಂದ್ರದ ಕಂಪ್ಯೂಟರಿನಿಂದ ಶ್ರಾವಣದ ಕಾಗದ ತೆಗೆದುಹಾಕಿ ಮಧ್ಯಾಹ್ನದ ಬಸ್ಸು ಹತ್ತಿದೆ. ಸಿಸ್ಟರ್ ಕಟ್ಟಿಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯದ ಗಂಟು ಸವದತ್ತಿ ದಾಟಿದರೂ ಮಡಿಲಲ್ಲೇ ಇತ್ತು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಬೈಲಹೊಂಗಲದಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಕಾಕಾ ಅವರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಎಲೆ ಅಡಿಕೆಯ ತಾಟು ಮುಂದಿಟ್ಟುಕೊಂಡು ಕುಳಿತಿದ್ದರು.

"ಕಾಕಾರ, ತಪ್ಪ ನಂದು. ನೀವು ದಿನದ ಮಾತ ಅಂದ್ರಿ, ಗಡಿಯಾರಾ ತಿರುವಿದಾಕಿ ನಾನು. ಅದು ಸೋಮವಾರದ ತನಕ ನಡಿಯೂದಿಲ್ಲ. ಈಗ ಬಂದು ನಿಮ್ಮ ಅರ್ಧಾ ಪಾಸ್‌ವರ್ಡ್ ಇನ್ನೊಮ್ಮೆ ಒತ್ತಬೇಕ್ರಿ."

"ಈಗ? ಶನಿವಾರ ಅಮಾವಾಸಿ ಐತಿ. ಇದಕ್ಕಿಂತಾ ಕೆಟ್ಟ ದಿನಾ ಸಿಗಲಿಲ್ಲೇನು?"

"ಕೆಟ್ಟ ದಿನಾ ಅಂದ್ರ ನಾಳಿ ಕೇಂದ್ರ ಮುಚ್ಚೂದ್ರಿ," ಎಂದೆ. ನನ್ನ ದನಿ ಏರಿತ್ತು. ಹಿರಿಯರ ಮುಂದೆ ನಾನು ಹಾಗೆ ಮಾತಾಡಿದವಳಲ್ಲ. ಸಿಸ್ಟರ್ ಹೇಳಿಕಳಿಸಿದ ಮಾತನ್ನೂ ಇದ್ದ ಹಾಗೆಯೇ ಹೇಳಿಬಿಟ್ಟೆ.

ಕಾಕಾ ಎಲೆಯ ತೊಟ್ಟು ಮುರಿಯುತ್ತಿದ್ದವರು ನಿಲ್ಲಿಸಿದರು. "ಆ ಬಾಯಿಗೆ ನಾ ಎಂದರ ಉತ್ತರಾ ಕೊಟ್ಟೇನೇನು?" ಎಂದು ಟೋಪಿ ಹಾಕಿಕೊಂಡು ಎದ್ದರು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಹಿಂತಿರುಗಿ, "ತಾರೀಖ ನೀ ಹಾಕಿದಿ, ಆಷಾಢ ನಾ ತಗದೆ. ತಪ್ಪ ಪೂರ್ತಿ ನೀನ ಹೊರಬ್ಯಾಡ," ಎಂದರು.

ದೀಪ ಹಚ್ಚುವ ಹೊತ್ತಿಗೆ ಹೊಸ ಹಿರೇ ಕಾಗದ ತಯಾರಾಯಿತು. ಗಡಿಯಾರ ಸರಿಯಾಗಿದೆಯೇ ಎಂದು ಗೋಡೆಯ ಕ್ಯಾಲೆಂಡರಿಗೆ ಎರಡು ಸಲ ತಾಳೆ ನೋಡಿದೆ. ಕಾಕಾ ಮೂರನೆಯ ಸಲ ನೋಡಿದರು. ಅರ್ಜಿಗಳು ಫ್ಲಾಪಿಯಲ್ಲಿ ಹಾಗೆಯೇ ಇದ್ದುದರಿಂದ ಹೊಸ ಸಹಿ ಹಾಕುವುದು ತಡವಾಗಲಿಲ್ಲ. ಬೈಲಹೊಂಗಲದ ಕಂಪ್ಯೂಟರಿಗೆ ಹೊಸದನ್ನು ಕೂಡಿಸಿ, ಉಳಿದವನ್ನು ಹೊಸ ಸಿಡಿಗೆ ಇಳಿಸಿದೆ. ಹಳೆಯ ಕೀಲಿಕೈಯನ್ನು ಅವರ ಎದುರಿಗೇ ಅಳಿಸಿ, ಹಳೆಯ ಸಿಡಿಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದೆ.

ಶುಕ್ರವಾರ ಮೊದಲ ಬಸ್ಸಿಗೆ ಮತ್ತೆ ರಾಮದುರ್ಗಕ್ಕೆ ಹೊರಟೆ. ಮನೋಳಿಯ ಹತ್ತಿರ ಎದುರಿನ ಬಸ್ಸು ನಮ್ಮನ್ನು ದಾಟಿ ಹೋಯಿತು. ಅದರಲ್ಲಿ ಆ ದಿನದ ಐಸ್ ಡಬ್ಬಿ ಬೈಲಹೊಂಗಲದ ಕಡೆ ನಡೆದಿತ್ತು. ಅದನ್ನು ಇಳಿಸಿಕೊಂಡು ರಿಪೋರ್ಟು ಕಳಿಸುವ ಬಗೆಯನ್ನು ಲ್ಯಾಬಿನವರಿಗೆ ಹೇಳಿಕೊಟ್ಟು ಬಂದಿದ್ದೆ. ಕೇಂದ್ರದ ಬೆಂಚಿನ ಮೇಲೆ ಸಾಲಹಳ್ಳಿಯ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ನಸುಕಿನಲ್ಲೇ ರಕ್ತ ಕೊಟ್ಟಿದ್ದಳಂತೆ. ಇವತ್ತೊಂದು ದಿನ ಕುಂತು ನೋಡು ಎಂದು ಸಿಸ್ಟರ್ ಅವಳನ್ನು ತಡೆದಿದ್ದರು.

ನಾಲ್ಕು ಗಂಟೆಗೆ ಫೋನು ಬಂತು. ಅತ್ತ ಸಭೆ ಕೂಡಿತ್ತು. ಸದಸ್ಯರ ಮುಂದೆ ಕಾಕಾ ಬೆರಳಚ್ಚಿನ ಸಾಲನ್ನು ಒಂದೊಂದೇ ಓದತೊಡಗಿದರು. ಸಿಸ್ಟರ್ ಪರದೆ ನೋಡುತ್ತ ಒಂದೊಂದಕ್ಕೂ "ಐತ್ರಿ", "ಐತ್ರಿ" ಎಂದರು. ಕೊನೆಯ ಅಕ್ಷರವೂ ಕೂಡಿತು. ಹಿರೇ ಕಾಗದವನ್ನು ಕೂಡಿಸಿ, ಬೈಲಹೊಂಗಲವನ್ನು ಕರೆದೆ. ತ್ರಿಕೋನ ಬರಲಿಲ್ಲ. ಮೂಲೆಯಲ್ಲಿ ಸಣ್ಣ ಬೀಗದ ಚಿತ್ರ ಮೂಡಿತು. ಅದರ ಹಿಂದೆಯೇ ಸಾಲಹಳ್ಳಿಯವಳ ರಿಪೋರ್ಟು ಬಂತು, ಆ ದಿನದ್ದೇ ತಾರೀಖಿನಲ್ಲಿ.

ಪ್ರಿಂಟರಿನಿಂದ ಹಾಳೆ ಬೀಳುವುದನ್ನೇ ಕಾದು ಸಿಸ್ಟರ್ ಓದಿಕೊಂಡರು. "ಬಾರವ್ವಾ, ಸಕ್ಕರಿ ಐತಿ ನಿನಗ. ಅಂಜಬ್ಯಾಡ. ಡಾಕ್ಟರ್ ಒಳಗ ಕುಂತಾರ, ತೋರಿಸಿ ಗುಳಿಗಿ ತಗೊಂಡ ಹೋಗು."

"ನಾಳಿ ಬರಬೇಕೇನ್ರಿ?"

"ಯಾಕ್ ಬರತಿ? ಎಲ್ಲಾ ಇವತ್ತ ಆತು. ಕಳೀ ತಗಿಯಾಕ ಹೋಗು."

ಫೋನು ಇನ್ನೂ ಮೇಜಿನ ಮೇಲೆ ಬಾಯಿ ತೆರೆದೇ ಬಿದ್ದಿತ್ತು. ಎತ್ತಿಕೊಂಡೆ. "ಕೇಳಿಸ್ತು ತಂಗಿ," ಎಂದರು ಕಾಕಾ. "ಎಲ್ಲಾರಿಗೂ ಕೇಳಿಸ್ತು. ಕೇಂದ್ರ ಇರಲಿ ಅಂತ ಬರಸೇನಿ."

ಸಿಸ್ಟರ್ ಚಹಾ ಇಟ್ಟರು. ಸವದತ್ತಿ, ಕಿತ್ತೂರಿನ ಕಂಪ್ಯೂಟರುಗಳಲ್ಲಿ ಶ್ರಾವಣದ ಕಾಗದ ಇನ್ನೂ ಕುಳಿತೇ ಇತ್ತು; ಅದನ್ನು ಕಿತ್ತು ಹೊಸದನ್ನು ಕೂಡಿಸಬೇಕಿತ್ತು. ಮರುದಿನ ಅಮಾವಾಸ್ಯೆ, ಊರಿನವರು ಯಾರೂ ಹೊಸ ಕೆಲಸಕ್ಕೆ ಹೊರಡದ ದಿನ. ನಾನು ಮನೆಯಲ್ಲಿ ಕಡುಬು ಬೇಯಿಸಿಟ್ಟು, ಸಿಡಿಯನ್ನು ಚೀಲಕ್ಕೆ ಹಾಕಿಕೊಂಡು, ಎಂಟರ ಸವದತ್ತಿ ಬಸ್ಸು ಹತ್ತಿದೆ. ಸೀಟು ಬೇಕಾದಷ್ಟು ಖಾಲಿ ಇದ್ದವು.