ಉಸ್ತಾದ್ ವಜ್ದಿಯವರ ಹೊಸ ಮೈಕು

ತಂತಾ ಪಟ್ಟಣದಲ್ಲಿ ನಮ್ಮ ಎದುರುಮನೆಯ ಲೆಕ್ಕದ ಮೇಷ್ಟ್ರು ಉಸ್ತಾದ್ ವಜ್ದಿ, ಕಂಪ್ಯೂಟರ್ ಪರದೆಯ ಮೇಲೆ ಲೆಕ್ಕ ಬಿಡಿಸುತ್ತ ರೆಕಾರ್ಡ್ ಮಾಡಿ ಕಳಿಸಿದ ಮೊದಲ ಪಾಠಕ್ಕೆ ಶಿಷ್ಯೆ ನರ್ಮೀನ್ ಬರೆದ ಉತ್ತರ ಇದು: “ಉಸ್ತಾದ್, ಲೆಕ್ಕ ಕಾಣಿಸ್ತು, ಆದ್ರೆ ನೀವು ತಾಮಿಯಾ ವಡೆ ಕರೀತಿರೋದಷ್ಟೇ ಕೇಳಿಸ್ತು.” ಅಂದಿನಿಂದ ದಿನವೂ ಅದೇ ಕಸರತ್ತು. ಮೈಕಿನ ಯುಎಸ್‌ಬಿ ತಂತಿಯನ್ನು ಒಂದು ಕಿಂಡಿಯಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಮೈಕಿನ ಹೆಸರು ಹುಡುಕಿ ಒತ್ತುತ್ತಾರೆ, ಧ್ವನಿ ಏರಿಸುತ್ತಾರೆ, ಇಳಿಸುತ್ತಾರೆ, ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚುತ್ತಾರೆ, ಮತ್ತದೇ ಚರಚರ. “ಈ ತಂತಿಗೆ ನನ್ನ ಮೇಲೇನೋ ಹಗೆ ಕಣಯ್ಯಾ” ಎಂದು ನನ್ನನ್ನು ಕೂಗುತ್ತಾರೆ. ಗುಣಾಕಾರ ಕಲಿಸುವವರಿಗೆ ಈ ರೋಗವೊಂದೇ ಗುಣವಾಗದು. ಮೈಕು ಇನ್ನೂ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದೆ. ನಮ್ಮಲ್ಲಿ ಸೋಫಾಕ್ಕೂ ಟಿವಿ ರಿಮೋಟಿಗೂ ಸಲ್ಲುವ ಮರ್ಯಾದೆ ಅದು. ಅವರ ಉಸಿರು ತಾಗಿದಾಗಲೆಲ್ಲ ಆ ಹೊದಿಕೆಯೇ ಚರಚರ ಸದ್ದು ಮಾಡುತ್ತದೆ. ಮೈಕು, ಮನೆಯಲ್ಲೂ ಪಾಠ ಕೇಳಿ ಪಾಸಾಗಬೇಕೆಂದು ತರಗತಿಯ ಮಕ್ಕಳೇ ದುಡ್ಡು ಸೇರಿಸಿ ಕೊಟ್ಟ ಉಡುಗೊರೆ. ಪರೀಕ್ಷೆ ಹತ್ತಿರವಾದಾಗ ತಡೆಯಲಾರದೆ ಕೇಳಿದೆ: “ಆ ಹೊದಿಕೆ ಒಂದು ತೆಗೆದ್ರೆ ಮಕ್ಕಳಿಗೆ ಪಾಠ ಕೇಳಿಸುತ್ತೆ. ಯಾಕೆ ತೆಗೀಬಾರದು, ಉಸ್ತಾದ್?” ಅವರು ಪ್ಲಾಸ್ಟಿಕ್ಕಿನ ಮೇಲಿನ ಧೂಳು ಒರೆಸಿದರು. “ತೆಗೆದ್ರೆ ಅಂಗಡಿಯವನು ವಾಪಸ್ ತಗೊಳ್ಳಲ್ಲ. ಆ ಮಕ್ಕಳು ಫೇಲಾದ್ರೆ ಅವರ ದುಡ್ಡು ಹಿಂದಿರುಗಿಸದೆ ಯಾವ ಮುಖ ಹೊತ್ಕೊಂಡು ಇದನ್ನ ಇಟ್ಕೊಳ್ಳಲಿ?”