ಅಪ್ಪ ನೋಡದ ಧಾರಾವಾಹಿ

ಟಿವಿ ಧಾರಾವಾಹಿಗಳ ಬಗ್ಗೆ ನಮ್ಮಪ್ಪನಷ್ಟು ಖಡಾಖಂಡಿತವಾಗಿ ಮಾತಾಡುವವರನ್ನು ನಾನು ಕಂಡಿಲ್ಲ. ಅವನು ಒಂದನ್ನೂ ನೋಡಿದವನಲ್ಲ ಎಂಬುದು ಬೇರೆ ಮಾತು.

ಅಪ್ಪನಿಗೆ ದಿನಪತ್ರಿಕೆಯೊಂದರ ಪ್ರೆಸ್ಸಿನಲ್ಲಿ ಯಂತ್ರ ನಡೆಸುವ ಕೆಲಸ. ಸಂಜೆ ಹೋದರೆ, ನಾಳಿನ ಪತ್ರಿಕೆ ವ್ಯಾನು ಹತ್ತಿದ ಮೇಲೆಯೇ ಮನೆ. ವಾರದ ರಜೆ ಭಾನುವಾರ. ಅಂದು ಧಾರಾವಾಹಿಗೂ ರಜೆ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ತಡವಾಗಿ ಎದ್ದ ಅಪ್ಪ ಅಡುಗೆಮನೆಯ ಮೇಜಿಗೆ ಬಂದು ಲೋಟ ಹಿಡಿದು ಕೂರುವುದು, ಅಮ್ಮ ಹಿಂದಿನ ದಿನದ ಕಥೆ ಹೇಳುವುದು. ಅತ್ತೆಗೊಂದು ದನಿ, ಸೊಸೆಗೊಂದು ದನಿ, ಹಿನ್ನೆಲೆ ಸಂಗೀತಕ್ಕೆ ಪಾತ್ರೆಯ ಮೇಲೆ ಸೌಟು. "ಫೋನಲ್ಲೇ ನೋಡಬಹುದಲ್ಲಪ್ಪ" ಎಂದರೆ, "ನಿಮ್ಮಮ್ಮ ಹೇಳಿದ ಹಾಗೆ ಫೋನ್ ಹೇಳುತ್ತಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಪ್ರೆಸ್ಸಿನಲ್ಲೂ ಇದೇ ಹಾಡು. ಟೀ ಹೊತ್ತಿನಲ್ಲಿ ಅಪ್ಪ, ಬಂಡಲ್ ಕಟ್ಟುವ ಕುಳ್ಳಣ್ಣ, ಎಲ್ಲರ ತಪ್ಪು ತಿದ್ದುವುದರಿಂದ ಮೇಷ್ಟ್ರು ಎನಿಸಿಕೊಂಡ ಇನ್ನೊಬ್ಬರು, ಮೂವರೂ ಕಣ್ಣಿಂದ ಕಾಣದ ಧಾರಾವಾಹಿಗಾಗಿ ಕಿತ್ತಾಡುತ್ತಿದ್ದರು. ಪ್ರತಿಯೊಬ್ಬನಿಗೂ ಅವನ ಹೆಂಡತಿ ಹೇಳಿದ್ದೇ ವೇದವಾಕ್ಯ.

ಹೀಗಿರುವಾಗ ಮುಖ್ಯರಸ್ತೆಯ ಕನ್ನಡಕದಂಗಡಿಯವರು ಅಮ್ಮನನ್ನು ಕೆಲಸಕ್ಕೆ ಕರೆದರು. ತನ್ನ ಕನ್ನಡಕ ಕೊಳ್ಳಲು ಹೋದವಳು ಪಕ್ಕದ ಗಿರಾಕಿಗೆ, "ನಿಮ್ಮ ಮುಖಕ್ಕೆ ದುಂಡಗಿನದು ಬೇಡ, ಚೌಕದ್ದು ಹಾಕಿ ನೋಡಿ" ಎಂದಿದ್ದಳಂತೆ. ಆತ ಕನ್ನಡಿ ಬಿಟ್ಟು ಅಲ್ಲಾಡಲಿಲ್ಲವಂತೆ. ಅಮ್ಮನಿಗೆ ಆಸೆ ಹತ್ತಿತು. ಕಿಟಕಿಯಲ್ಲಿ ನಿಂತು ರಸ್ತೆಯಲ್ಲಿ ಹೋಗುವವರಿಗೆಲ್ಲ ಮನಸ್ಸಿನಲ್ಲೇ ಕನ್ನಡಕ ತೊಡಿಸತೊಡಗಿದಳು. ಅಪ್ಪ ಮಾತ್ರ ಬೇಡ ಎಂದ. ಯಾಕೆ ಎಂದರೆ, "ಬೇಡ ಅಂದ್ರೆ ಬೇಡ." ಅಂಗಡಿಯವರು, ಈಗಿರುವ ಹುಡುಗಿ ಬಿಟ್ಟುಹೋಗುವವರೆಗೆ ಕಾಯುತ್ತೇವೆ, ಯೋಚಿಸಿ ಹೇಳಿ ಎಂದಿದ್ದರು. ಅಮ್ಮ ಮುಖ ಸಪ್ಪಗೆ ಮಾಡಿಕೊಂಡು ಓಡಾಡಿದಳು. ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು.

ಆಮೇಲೆ ಬೆಳಗಿನ ಕಥೆ ದಾರಿ ಬದಲಿಸಿತು. ಅಲ್ಲಿಯವರೆಗೆ ಕಳೆದುಹೋದ ಅವಳಿ, ಕದ್ದ ಉಯಿಲು ಎಂದು ಓಡುತ್ತಿದ್ದದ್ದು ಒಂದೇ ಕಡೆ ಕೂತುಬಿಟ್ಟಿತು. ಸೊಸೆಯನ್ನು ಗಡಿಯಾರದಂಗಡಿಗೆ ಕೆಲಸಕ್ಕೆ ಕರೆದರಂತೆ. ಗಂಡ ಬೇಡ ಅಂದನಂತೆ. ವಾರಗಟ್ಟಲೆ ಅಷ್ಟೇ.

"ಯಾಕಂತೆ ಬೇಡ?" ಅಪ್ಪ ಕೇಳಿದ.

"ಹೇಳಲ್ಲ. ಬಾಯಿಗೆ ಬೀಗ."

"ಎಂಥ ಮೂರ್ಖ! ಅವಳು ಅಂಗಡೀಲಿ ಕೂತ್ರೆ ಇವನಪ್ಪನ ಗಂಟೇನು ಹೋಗುತ್ತೆ?"

ನಾನು ಬಾಯಿ ತೆರೆದೆ. ಆ ಧಾರಾವಾಹಿ ಆಗಲೇ ಮುಗಿದುಹೋಗಿತ್ತು, ಕೊನೆಯ ಕಂತನ್ನು ಅಮ್ಮನ ಜೊತೆ ನಾನೇ ನೋಡಿದ್ದೆ. ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಇವಳು ಕಥೆ ಹೇಳುತ್ತಿದ್ದಾಳೋ ದೂರು ಹೇಳುತ್ತಿದ್ದಾಳೋ ತಿಳಿಯದೆ ನಾನು ಪೆಚ್ಚಾಗಿ ಕೂತೆ.

ಅಪ್ಪ ಆ ಗಂಡನನ್ನು ಪ್ರೆಸ್ಸಿನಲ್ಲೂ ಉಗಿದ. ಕುಳ್ಳಣ್ಣ ಕಣ್ಣುಕಣ್ಣು ಬಿಟ್ಟನಂತೆ. "ಯಾವ ಗಡಿಯಾರದಂಗಡಿ? ಅದು ಮುಗೀತಲ್ಲ! ಅವಳಿ ಸಿಕ್ಕಿದ್ಲು, ಎಲ್ರೂ ನಿಂತು ಫೋಟೋ ತೆಗೆಸ್ಕೊಂಡ್ರು."

"ನಮ್ಮನೇಲೂ ಮುಗೀತು ಅಂದ್ಲು" ಎಂದರು ಮೇಷ್ಟ್ರು.

"ನಿಮ್ಮ ಹೆಂಡ್ತೀರು ಅರ್ಧಕ್ಕೇ ಎದ್ದು ಹೋಗಿರ್ತಾರೆ" ಎಂದು ಅಪ್ಪ ಜೋರು ಮಾಡಿದ. ಆದರೆ ತಲೆಗೆ ಹುಳ ಹೊಕ್ಕಿತು. ಬೇರೆ ಚಾನೆಲ್ಲೋ? ಒಂದೇ ಹೆಸರಿನ ಎರಡು ಧಾರಾವಾಹಿಯೋ? ತಾನು ನಿದ್ದೆಗಣ್ಣಲ್ಲಿ ಏನೇನೋ ಕೇಳಿಸಿಕೊಳ್ಳುತ್ತಿದ್ದೇನೋ? ಕೊನೆಗೆ ಮೈ ಸರಿಯಿಲ್ಲವೆಂದು ಒಂದು ಬುಧವಾರ ರಜೆ ಹಾಕಿ, ಸಂಜೆಯೇ ಟಿವಿ ಮುಂದೆ ಕೂತ.

ಧಾರಾವಾಹಿಯ ಹೊತ್ತಿಗೆ ಅಡುಗೆ ಸ್ಪರ್ಧೆ ಬಂತು. ಒಬ್ಬ ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದ. "ಸೋತಿದ್ದಕ್ಕಾ, ಈರುಳ್ಳಿಗಾ?" ಎಂದ ಅಪ್ಪ. ಚಾನೆಲ್ ಬದಲಿಸಿದರೆ ಚರ್ಚೆ. "ಎಲ್ರೂ ಒಟ್ಟಿಗೆ ಕಿರುಚಿದ್ರೆ ಕೇಳೋರ್ಯಾರು? ನಮ್ಮ ಯಂತ್ರವೇ ವಾಸಿ." ಇನ್ನೊಂದರಲ್ಲಿ ಹಾಡು. "ಹುಡುಗಿ ಹಾಡಿದ್ದು ಎರಡು ಸಾಲು, ತೀರ್ಪುಗಾರರು ಅತ್ತಿದ್ದು ಅರ್ಧ ಗಂಟೆ!" ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ ಮೇಲೆ ಅಮ್ಮನ ಕಡೆ ತಿರುಗಿದ.

"ಎಲ್ಲೇ ನಮ್ಮ ಗಡಿಯಾರದಂಗಡಿ?"

ಅಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಆ ಧಾರಾವಾಹಿ ಯಾವತ್ತೋ ಮುಗೀತು ರೀ."

"ಮತ್ತೆ ನೀನು ಹೇಳ್ತಿದ್ದಿದ್ದು?"

"ನಮ್ಮನೇದು."

ಅಪ್ಪ ಟಿವಿ ಆರಿಸಿದ. ಒಂದೊಂದೇ ಬೆಳಗ್ಗೆಯನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದನೆಂದು ಕಾಣುತ್ತದೆ, ಮುಖದ ಬಣ್ಣ ಇಳಿಯುತ್ತಾ ಹೋಯಿತು.

"ಹಾಗಾದ್ರೆ ಆ ಮೂರ್ಖ..."

"ನಾನಂದಿಲ್ಲಪ್ಪ. ನೀವೇ ಅಂದಿದ್ದು."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅಪ್ಪ ನಗಲೂ ಇಲ್ಲ, ರೇಗಲೂ ಇಲ್ಲ. ರಿಮೋಟನ್ನು ಕೈಯಲ್ಲಿ ತಿರುಗಿಸುತ್ತಾ ಅದಕ್ಕೇ ಹೇಳುವವನಂತೆ ಹೇಳಿದ: "ಅಂಗಡಿ ಬೆಳಗ್ಗೇನೇ ತೆಗೀತಾರೆ. ನಾನೆದ್ದು ಬಂದಾಗ ನೀನಿರಲ್ಲ. ಕಥೆ ಯಾರು ಹೇಳ್ತಾರೆ?"

ಮಾನ ಮರ್ಯಾದೆ, ಅಕ್ಕಪಕ್ಕದವರ ಬಾಯಿ, ಗಂಡಸಿನ ಹಟ ಎಂದೆಲ್ಲ ಅಂದಾಜು ಮಾಡಿ ವಾರಗಟ್ಟಲೆ ಕಥೆ ಕಟ್ಟಿದವಳಿಗೆ ಇದೊಂದು ಹೊಳೆದಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಕಣ್ಣು ತುಂಬಿತು. "ಅಷ್ಟು ಹೇಳಕ್ಕೇನಾಗಿತ್ತು ನಿಮಗೆ ಧಾಡಿ?" ಎಂದು ಬೈದಳು.

ಈಗ ಅಮ್ಮ ಅಂಗಡಿಗೆ ಹೋಗುತ್ತಾಳೆ. ಅಪ್ಪ ಅಲಾರಾಂ ಇಟ್ಟುಕೊಂಡು ಏಳುತ್ತಾನೆ, ಆಕಳಿಸುತ್ತಲೇ ಅವಳ ಜೊತೆ ಅಂಗಡಿಯವರೆಗೆ ನಡೆಯುತ್ತಾನೆ. ದಾರಿಯುದ್ದಕ್ಕೂ ಕಥೆ. ಮುಗಿಯದಿದ್ದರೆ ಅಂಗಡಿ ದಾಟಿ ತಿರುವಿನವರೆಗೆ ಹೋಗಿ ವಾಪಸ್ಸು ಬರುತ್ತಾರೆ. ಆಮೇಲೆ ಮನೆಗೆ ಬಂದು ಅಪ್ಪ ಮತ್ತೆ ಮಲಗುತ್ತಾನೆ.

ಟೀ ಹೊತ್ತಿನಲ್ಲಿ ಕುಳ್ಳಣ್ಣ ಕೆಣಕಿದನಂತೆ: "ಏನಾಯ್ತು ನಿನ್ನ ಗಡಿಯಾರದಂಗಡಿ? ಒಪ್ಪಿದ್ನಾ ಗಂಡ?"

"ಒಪ್ದ."

"ಮತ್ತೆ ಮೊದ್ಲು ಯಾಕೆ ಬೇಡ ಅಂದಿದ್ದಂತೆ?"

ಅಪ್ಪ ಲೋಟದ ತಳದಲ್ಲಿದ್ದ ಟೀ ಕುಡಿದು ಎದ್ದನಂತೆ. "ಅದನ್ನ ಇನ್ನೂ ತೋರಿಸಿಲ್ಲ" ಎಂದನಂತೆ.